ಕೈ ಹಿಂದೆ ಕಟ್ಟಿಕೊಂಡ ಅಕ್ಕೋರು

ಯಾವ ತರಗತಿಗೆ ಕಾಲಿಟ್ಟರೂ ಅಕ್ಕೋರ ಕೈಗಳು ಬೆನ್ನ ಹಿಂದೆ ಹೋಗುತ್ತಿದ್ದವು. ಎಡಗೈ ಬಲಗೈಯ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿರುತ್ತಿತ್ತೆಂದರೆ ಹಸಿರು ಬಳೆಗಳ ಗುರುತು ಮೂಡುತ್ತಿತ್ತು. ನೋಡಿದವರು ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರ ಠೀವಿ ಅಂದುಕೊಳ್ಳುತ್ತಿದ್ದರು. ಅದರ ಹಿಂದಿನ ಸಂಗತಿ ನಮಗೆ ಮಾತ್ರ ಗೊತ್ತಿತ್ತು.

ನಾವೆಂದರೆ ಗಂಗಾವತಿಯ ನಾಲ್ಕಾರು ಮಾಜಿ ಶಿಕ್ಷಕರು. ಅಕ್ಕೋರಂತೆ ನಿವೃತ್ತರಾದವರು ಕೆಲವರು, ನನ್ನಂತೆ ಖಾಸಗಿ ಶಾಲೆ ಬಿಟ್ಟು ಬಂದವರು ಕೆಲವರು. ಪೇಟೆಯ ಮಕ್ಕಳಿಗೆ ಸಿಗುವ ಪಾಠ ಭತ್ತದ ನಾಟಿಗೆ ಹೋಗಿಬರುವ ಮಕ್ಕಳಿಗೂ ಸಿಗಲೆಂದು ಹಳ್ಳಿಯ ಸರಕಾರಿ ಶಾಲೆಗಳಿಗೆ ಹೋಗಿ, ಅಲ್ಲಿನ ಶಿಕ್ಷಕರ ಜೊತೆ ಕೆಲಸ ಮಾಡುತ್ತಿದ್ದೆವು. ಶನಿವಾರ ಮಧ್ಯಾಹ್ನ ಅಕ್ಕೋರ ಮನೆಯಲ್ಲಿ ಸೇರಬೇಕು. ಕಿಟಕಿಯಿಂದ ರೈಸ್‌ಮಿಲ್ಲಿನ ತೌಡಿನ ಧೂಳು ಬರುತ್ತಿತ್ತು, ಅಡುಗೆಮನೆಯಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ಆ ವಾರ ಏನು ಕೆಟ್ಟಿತು ಅನ್ನುವುದನ್ನು ಮೊದಲು ಹೇಳಬೇಕು. ತನ್ನ ಪಾಠವನ್ನು ತಾನೇ ಹೊಗಳಿಕೊಂಡವರ ತಟ್ಟೆಗೆ ಮಿರ್ಚಿ ಬೀಳುತ್ತಿದ್ದುದು ಎಲ್ಲರಿಗಿಂತ ಕೊನೆಗೆ, ಅದೂ ಆರಿದ್ದು.

ಸಿದ್ದಾಪುರದ ಕಡೆಯ ಒಂದು ಶಾಲೆಗೆ ಹೊಸದಾಗಿ ಗಣಿತದ ಸರ್ ಬಂದಿದ್ದರು. ಸಣ್ಣ ವಯಸ್ಸು, ಮಾತು ಕಡಿಮೆ. ಒಂದು ದಿನ ಭಿನ್ನರಾಶಿ ಹೇಳುತ್ತ ತಡವರಿಸಿದರು. ನಾಟಿ ಮುಗಿಸಿ ಆಗಷ್ಟೇ ಶಾಲೆಗೆ ಮರಳಿದ್ದ ಹುಡುಗಿಯೊಬ್ಬಳು ಬಾಗಿಲ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಅಕ್ಕೋರಿಗೆ ತಡೆಯಲಾಗಲಿಲ್ಲ. ಸರ್ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡೇ ಬಿಟ್ಟರು. ಬುತ್ತಿಯ ಖಡಕ್ ರೊಟ್ಟಿಯನ್ನು ನಾಲ್ಕು ತುಂಡು ಮಾಡಿದರು. ಆ ಹುಡುಗಿ ಎದ್ದು ನಿಂತು, “ಆ ತುಂಡು ದೊಡ್ಡದೈತ್ರಿ ಅಕ್ಕೋರ, ಪಾಲು ಸಮ ಆಗಿಲ್ಲ” ಅಂದಳು. ಅಲ್ಲಿಂದ ಪಾಠ ಓಡಿತು. ಸರ್ ಗೋಡೆಗೆ ಆತು ನಿಂತಿದ್ದರು.

ಮರುವಾರ ಹೋದರೆ ಹುಡುಗಿ ಇಲ್ಲ. “ಆ ಅಕ್ಕೋರು ಬಂದ ದಿನ ಹೇಳಿಕಳಸ್ರಿ, ಬರ್ತೀನಿ” ಎಂದು ಸರ್‌ಗೆ ಹೇಳಿ ತಾಯಿಯ ಜೊತೆ ಕೂಲಿಗೆ ಹೊರಟಿದ್ದಳಂತೆ. ಸರ್ ಕೂಡ ಇನ್ನು ನನಗೆ ಗಣಿತ ಬೇಡ ಎಂದು ಹೆಡ್‌ಮಾಸ್ತರರಿಗೆ ಹೇಳಿಬಿಟ್ಟಿದ್ದರು.

ಆ ಶನಿವಾರ ಅಕ್ಕೋರು ಸರ್ ಅವರನ್ನು ಮನೆಗೆ ಕರೆಸಿದರು. ಮಗನ ವಯಸ್ಸಿನವರ ಎದುರು, ನಮ್ಮೆಲ್ಲರ ನಡುವೆ, ಕೈಮುಗಿದರು.

“ಸರ, ನಿಮ್ಮ ಕೈಯಾಗಿನ ಚಾಕ್‌ಪೀಸ್ ಕಸಗೊಂಡೆ, ತಪ್ಪಾತ್ರಿ. ನಾ ಒಂದಿನ ಬಂದು ಹೋಗಾಕಿ. ಆ ಹುಡುಗಿಗೆ ದಿನಾ ಬೇಕಾದವ್ರು ನೀವು.”

ಹುಡುಗಿಯನ್ನಾದರೂ ನೀವೇ ಹೋಗಿ ಕರೆತನ್ನಿ ಎಂದು ಸರ್ ಕೇಳಿಕೊಂಡರು. ಅಕ್ಕೋರು ಒಪ್ಪಲಿಲ್ಲ.

“ನಾ ಕರದ್ರ ನನ್ನ ಸಲುವಾಗಿ ಬರ್ತಾಳ್ರಿ. ನೀವ ಹೋಗ್ರಿ.”

ಸಂಜೆಯವರೆಗೆ ಇಬ್ಬರೂ ಕೂತು ಪಾಠ ಕಟ್ಟಿದರು. ಅವತ್ತು ಬಿಸಿ ಮಿರ್ಚಿ ಮೊದಲು ಬಿದ್ದದ್ದು ಸರ್ ತಟ್ಟೆಗೆ.

ಸರ್ ಹೋಗಿ ಕರೆದರು. ಹುಡುಗಿ ಅರೆಮನಸ್ಸಿನಿಂದ ಬಂದು ಮತ್ತೆ ಬಾಗಿಲ ಪಕ್ಕವೇ ಕೂತಳು. ಸರ್ ಮುರಿಯಹೋದ ರೊಟ್ಟಿ ಚೂರುಚೂರಾಯಿತು. ಮಕ್ಕಳು ನಕ್ಕರು. ಸರ್ ದಿಕ್ಕು ತೋಚದೆ ಅಕ್ಕೋರ ಕಡೆ ನೋಡಿದರು. ತರಗತಿಯ ಹಿಂಬದಿಯಲ್ಲಿ ನಿಂತಿದ್ದ ಅಕ್ಕೋರ ಕೈಗಳು ಮೊದಲ ಸಲ ಬೆನ್ನ ಹಿಂದೆ ಹೋದದ್ದು ಆಗ. ಬಲಗೈ ಮುಂದಕ್ಕೆ ಜಗ್ಗುತ್ತಿತ್ತು, ಎಡಗೈ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸರ್ ಬಾಗಿಲ ಕಡೆ ತಿರುಗಿ, “ಬಾರವ್ವ, ಇದನ್ನ ಹೆಂಗ ಸಮ ಹಂಚೋದು ನೀನ ತೋರ್ಸು” ಅಂದರು. ಹುಡುಗಿ ಎದ್ದು ಬೋರ್ಡಿನವರೆಗೆ ನಡೆದು ಬಂದಳು. ಅಕ್ಕೋರ ಕಣ್ಣು ತುಂಬಿತ್ತು.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಆ ಸರ್ ಇದ್ದರು, ಅವರ ಪಕ್ಕದಲ್ಲಿ ಹೈಸ್ಕೂಲ್ ಯೂನಿಫಾರ್ಮಿನಲ್ಲಿ ಆ ಹುಡುಗಿ. ಪಾಠ ಮಾಡುವುದನ್ನು ನನಗೆ ಯಾರುಯಾರೋ ಕಲಿಸಿದರು. ಸುಮ್ಮನೆ ನಿಂತು ಕಾಯುವುದನ್ನು ಕಲಿಸಿದವರು ಅಕ್ಕೋರೊಬ್ಬರೇ.

ಮೊನ್ನೆ ಆನೆಗೊಂದಿ ಹತ್ತಿರದ ಶಾಲೆಯಲ್ಲಿ ಟೀಚರೊಬ್ಬರು ಪಾಠದ ನಡುವೆ ನಿಂತುಬಿಟ್ಟರು. ನನ್ನ ಬಲಗೈ ಚಾಕ್‌ಪೀಸಿನ ಕಡೆ ಹೊರಟೇ ಬಿಟ್ಟಿತ್ತು. ಅದನ್ನು ಹಿಂದಕ್ಕೆಳೆದು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಟೀಚರ್ ಮಕ್ಕಳ ಕಡೆ ತಿರುಗಿದರು.