ಗೋಡೆ ಏರಿದ ಹೊಸಿಲು

“ಅಯ್ಯೋ ಮಾರಾಯ್ತಿ, ಇದು ನಮ್ ತವರುಮನೆ ಹೊಸಿಲು!”

ಅರಿಶಿನ ಕುಂಕುಮಕ್ಕೆ ಬಂದಿದ್ದ ಹೊಸ ನೆರೆಮನೆಯಾಕೆ ದುರ್ಗಿಗುಡಿ ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲೇ ನಿಂತುಬಿಟ್ಟರು. ಎಲೆಕ್ಟ್ರಿಕ್ ಫೈರ್‌ಪ್ಲೇಸ್ ಮೇಲೆ ಗೋಡೆಗೆ ಶೆಲ್ಫಿನಂತೆ ಕೂರಿಸಿದ್ದ ಮರದಲ್ಲಿ, ಓರೆಯಾಗಿ ಹೊಡೆದಿದ್ದ ಕುದುರೆ ಲಾಳದ ಗುರುತನ್ನು ಅವರ ಬೆರಳು ಸವರುತ್ತಿತ್ತು. ಭದ್ರಾವತಿಯ ಹಳೇನಗರದಲ್ಲಿ ಕೆಡವಿದ ಮನೆಯದೆಂದು ಕೊಂಡು ತಂದ ಮರ. ಅದರ ಮೇಲೆ ಮೇಣದಬತ್ತಿ, ಪಿಂಗಾಣಿ ನವಿಲು ಜೋಡಿಸಿದ್ದೆ.

“ಅಮ್ಮ ದಿನಾ ಹಚ್ತಿದ್ದ ಅರಿಶಿನ ಎಲ್ಲಿ?” ಎಂದರು. ಕಲೆಯೆಂದು ಉಜ್ಜಿಸಿ ಪಾಲಿಶ್ ಮಾಡಿಸಿದ್ದೆ. ಬಿಚ್ಚಿಸಿ ಕೊಡುತ್ತೇನೆ ಎಂದೆ.

“ಬಾಗಿಲೇ ಇಲ್ವಲ್ಲ, ಹೊಸಿಲು ತಗೊಂಡೋಗಿ ಎಲ್ಲಿಡ್ಲಿ?”

ನವಿಲನ್ನು ಅಂದೇ ಇಳಿಸಿದೆ. ಶುಕ್ರವಾರ ನಮ್ಮ ಹೊಸಿಲಿಗೆ ಅರಿಶಿನ ಹಚ್ಚಿದ ಕೈಯಲ್ಲೇ ಗೋಡೆಯ ಹೊಸಿಲಿಗೂ ಹಚ್ಚಿದೆ. ಪಾಲಿಶ್ ಮೇಲೆ ಅರಿಶಿನ ನಿಲ್ಲಲಿಲ್ಲ.