ಮೂವತ್ತು ಗಂಟಿನ ದಾರ

ಓಬಳೇಶಪ್ಪನವರ ಅಂಗಿಯ ಎರಡನೆಯ ಗುಂಡಿಯಿಂದ ಬಿಳಿ ನೂಲಿನ ಒಂದು ಕುಚ್ಚು ಸದಾ ನೇತಾಡುತ್ತಿತ್ತು. ಡಾಕ್ಟರು ಮಗುವಿನ ಗಂಟಲಿಗೆ ಟಾರ್ಚು ಬಿಟ್ಟು, "ಪೆನಿಸಿಲಿನ್, ದಿನಕ್ಕೆ ಮೂರು, ಹತ್ತು ದಿನ" ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಓಬಳೇಶಪ್ಪನವರ ಬೆರಳುಗಳು ಕುಚ್ಚಿನಿಂದ ಒಂದು ಎಳೆ ಎಳೆದು ಗಂಟು ಹಾಕತೊಡಗಿರುತ್ತಿದ್ದವು. ಮಾತ್ರೆಯ ಪೊಟ್ಟಣದ ಜೊತೆ ಮೂವತ್ತು ಗಂಟಿನ ದಾರವೂ ತಾಯಿಯ ಕೈಗೆ ಬರುತ್ತಿತ್ತು. ಒಂದು ಮಾತ್ರೆ ನುಂಗಿಸಿದ ಮೇಲೆ ಒಂದು ಗಂಟು ಬಿಚ್ಚಬೇಕು. ಎಲ್ಲ ಬಿಚ್ಚಿದ ದಾರವನ್ನು ತಂದು ಅವರಿಗೆ ತೋರಿಸಬೇಕು.

ಅವರು ಹಿಂದೂಪುರದ ಒಂದು ಕ್ಲಿನಿಕ್ಕಿನಲ್ಲಿ ಕಾಂಪೌಂಡರ್. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಊರಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಲೇಪಾಕ್ಷಿ ಬಸ್ಸು ಬಂದೊಡನೆ ಕ್ಲಿನಿಕ್ಕಿನ ಬೆಂಚು ತುಂಬುತ್ತಿತ್ತು. ಕೆಮ್ಮುವ ಮಕ್ಕಳ ನಡುವೆ ನಿಂತು ಓಬಳೇಶಪ್ಪನವರು ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಒಂದೇ ಪಾಠ ಹೇಳುತ್ತಿದ್ದರು.

"ಮೂರ್ ದಿನಕ್ಕೆ ಜ್ವರ ಹೋಯ್ತದೆ ಕಣಮ್ಮ. ಜ್ವರ ಹೋಯ್ತು ಅಂತ ಮಾತ್ರೆ ನಿಲ್ಸಿದ್ರೆ ಕೆಟ್ಟೆ. ಗಂಟ್ಲಲ್ಲಿ ಇರೋದು ಕೀಲಿಗೆ ಬತ್ತದೆ, ಕೀಲಿಂದ ಎದೆಗೆ ಹೋಯ್ತದೆ. ಜ್ವರಂ ಪೋಯಿಂದಿ, ರೋಗಂ ಪೋಲೇದು. ಜ್ವರ ಹೋಯ್ತು, ರೋಗ ಹೋಗ್ಲಿಲ್ಲ."

ಇದನ್ನು ಅವರು ಪುಸ್ತಕದಿಂದ ಕಲಿತಿರಲಿಲ್ಲ. ಸೆಟ್ಟೂರಿನಲ್ಲಿ ಬಾಲ್ಯ ಕಳೆದವರು. ತಂಗಿ ತಿಪ್ಪಮ್ಮನಿಗೆ ಏಳು ವರ್ಷವಿದ್ದಾಗ ಗಂಟಲು ನೋವು ಬಂತು. ಪೇಟೆಯಿಂದ ತಂದ ಮಾತ್ರೆಗೆ ಮೂರು ದಿನದಲ್ಲಿ ಜ್ವರ ಇಳಿಯಿತು. ಮಿಕ್ಕ ಮಾತ್ರೆಗಳನ್ನು ತಾಯಿ ಮುಂದಕ್ಕೆ ಆಗುತ್ತವೆಂದು ಅಟ್ಟದ ಮೇಲೆ ಎತ್ತಿಟ್ಟರು. ಕೆಲವು ವಾರಗಳಲ್ಲಿ ಹುಡುಗಿಯ ಮಂಡಿ ಊದಿತು. ಆಮೇಲೆ ಹೃದಯದ ಕವಾಟವೇ ಕೆಟ್ಟಿತು. ಮದುವೆಯಾಗಿ ಕಲ್ಯಾಣದುರ್ಗ ಸೇರಿದ ತಿಪ್ಪಮ್ಮನನ್ನು ನೋಡಲು ಅಣ್ಣ ಭಾನುವಾರ ತಪ್ಪದೆ ಬಸ್ಸು ಹತ್ತುತ್ತಿದ್ದರು.

ಒಂದು ಚಳಿಗಾಲ ನನ್ನ ಮಗಳು ಪದ್ಮಳಿಗೆ ಮೂರನೆಯ ಸಲ ಗಂಟಲು ಕೆಟ್ಟಿತು. ಆಗ ಅವಳಿಗೆ ಆರು ವರ್ಷ. ಡಾಕ್ಟರು ಅವಳ ಎದೆಯ ಮೇಲೆ ಸ್ಟೆತಾಸ್ಕೋಪನ್ನು ಬಹಳ ಹೊತ್ತು ಇಟ್ಟು, "ಸದ್ಯಕ್ಕೆ ತೊಂದರೆ ಇಲ್ಲ. ಈ ಸಲ ಮಾತ್ರ ಪೂರ್ತಿ ಕೊಡಿ" ಎಂದರು. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಮಾತ್ರೆಯ ಹೊಣೆ ಅತ್ತೆ ನಾಗಮ್ಮನವರ ಮೇಲೆ ಬಿತ್ತು. ನಲವತ್ತು ವರ್ಷ ಮಗ್ಗದಲ್ಲಿ ಕೂತ ಹೆಂಗಸು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ನನ್ನನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದರು. ಏಕೆಂದು ಹೇಳಲಿಲ್ಲ. ಕೌಂಟರಿನ ಮೇಲೆ ದಾರ ಹಾಕಿದರು.

"ತಗಳಪ್ಪ ನಿನ್ ದಾರ. ಒಂದ್ ಗಂಟೂ ಇಲ್ಲ, ನೋಡ್ಕೊ."

"ಇವತ್ತಿನ್ನೂ ನಾಕನೇ ದಿನ ಕಣ್ ನಾಗಮ್ಮಕ್ಕ. ಮೂವತ್ತು ಮಾತ್ರೆ ಆಗೋದ್ವಾ?"

"ಒಂಬತ್ತು ಕೊಟ್ಟೆ. ಜ್ವರ ಬಿಡ್ತು, ಬೀದಿ ತುಂಬಾ ಕುಣೀತಾವ್ಳೆ. ಮಿಕ್ಕಿದ್ದು ಡಬ್ಬೀಲಿ ಇಟ್ಟಿವ್ನಿ."

"ಮತ್ತೆ ಗಂಟು?"

"ಗಂಟಿರೋ ನೂಲು ಕಣ್ಮುಂದೆ ಇದ್ರೆ ನೇಯೋಳ ಕೈ ಸುಮ್ಕಿರ್ತದಾ? ನಿನ್ನೆ ಸಂಜೆ ಕೂತು ಬಿಚ್ಬುಟ್ಟೆ. ನೀನು ಹಾಕಿದ್ದೂ ಒಂದ್ ಗಂಟಾ? ಕುರಿ ಕಟ್ಟೋ ಗಂಟು."

ಓಬಳೇಶಪ್ಪನವರು ನಕ್ಕರು. ನಗು ತಡೆಯಲಾಗದೆ ಸ್ಟೂಲಿನ ಮೇಲೆ ಕೂತರು. ಊರಿನ ಅರ್ಧ ಬೀದಿಗಳಲ್ಲಿ ಮಗ್ಗಗಳಿವೆ; ಇಷ್ಟು ವರ್ಷ ದಾರ ಹಂಚಿದವರಿಗೆ ಇದು ಹೊಳೆದಿರಲಿಲ್ಲ. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು:

"ನಮ್ಮವ್ವನೂ ಹಿಂಗೇ ಅಟ್ಟದ್ ಮ್ಯಾಲೆ ಎತ್ತಿಟ್ಟಿದ್ಲಕ್ಕ."

ತಿಪ್ಪಮ್ಮನ ಕಥೆ ಅತ್ತೆಗೂ ಗೊತ್ತಿತ್ತು.

"ಮಗ್ಗದ್ ಮ್ಯಾಲೆ ಏನೈತೆ ಈಗ?" ಎಂದು ಓಬಳೇಶಪ್ಪನವರು ಕೇಳಿದರು.

"ಪದ್ಮನ ಲಂಗ. ಯುಗಾದಿಗೆ."

"ಅರ್ಧಕ್ಕೆ ಕೊಯ್ದು ಇಳಿಸ್ತೀಯಾ?"

"ನೇಯೋಳು ಅನ್ನಿಸ್ಕೊಂಡೋಳು ಯಾರಾದ್ರೂ ಇಳಿಸ್ತಾರಾ?"

"ಹಂಗಾದ್ರೆ ಒಂದು ಮಾತ್ರೆಗೆ ಒಂದು ಬುಟ್ಟ ನೇಯಿ. ಮೂವತ್ತಾಗೋವರ್ಗೂ ಬಟ್ಟೆ ಇಳಿಸೋ ಹಂಗಿಲ್ಲ. ಬೆಳಗಿಂದು ಈಗ್ಲೇ ಹೋಗಿ ಕೊಡು. ಮರ್ತಿದ್ದಕ್ಕೆ ಎರಡು ಸೇರ್ಸಿ ಕೊಡ್ಬ್ಯಾಡ ಮತ್ತೆ."

ಅತ್ತೆ ಮನೆಗೆ ಬಂದವರೇ ಮಾತ್ರೆ ನುಂಗಿಸಿ ಮಗ್ಗಕ್ಕಿಳಿದರು. ಹಿಂದಿನ ಒಂಬತ್ತನ್ನೂ ಸೇರಿಸಿ ಹತ್ತು ಬುಟ್ಟಗಳನ್ನು ಅಂದೇ ನೇಯ್ದರು. ಅಂಚಿನ ಪಕ್ಕ ನಾಲ್ಕು ಬೆರಳಿಗೊಂದರಂತೆ ಕೆಂಪು ಮಾವಿನಕಾಯಿಯ ಚಿತ್ತಾರಗಳು. ಆಮೇಲಿನ ದಿನಗಳಲ್ಲಿ ಮಾತ್ರೆಯನ್ನು ನೆನಪಿಸುವ ಕೆಲಸ ಯಾರಿಗೂ ಉಳಿಯಲಿಲ್ಲ. ಪದ್ಮಳೇ ಲೋಟದಲ್ಲಿ ನೀರು ಹಿಡಿದು ಮಗ್ಗದ ಕುಣಿಯ ಅಂಚಿನಲ್ಲಿ ಕೂತು, "ಅಜ್ಜಿ, ಮಾತ್ರೆ ಕೊಡು, ಮಾವಿನಕಾಯಿ ಹಾಕು" ಎಂದು ಪೀಡಿಸುತ್ತಿದ್ದಳು. ಒಂದು ಮಧ್ಯಾಹ್ನ ಎರಡು ಬುಟ್ಟ ಬೇಕೆಂದು ಎರಡು ಮಾತ್ರೆ ಕೇಳಿದಳು. ಅಜ್ಜಿ ಒಂದೇ ಮಾತ್ರೆ ಕೊಟ್ಟು ಒಂದೇ ಬುಟ್ಟ ನೇಯ್ದರು.

ಹನ್ನೊಂದನೆಯ ದಿನ ಬಟ್ಟೆ ಕೌಂಟರಿನ ಮೇಲೆ ಹರಡಿತು. ಓಬಳೇಶಪ್ಪನವರು ಬೆರಳಿಟ್ಟು ಮೂವತ್ತನ್ನೂ ಎಣಿಸಿದರು. ಡಾಕ್ಟರು ಎದೆ ಪರೀಕ್ಷಿಸಿ ಏನೂ ದೋಷವಿಲ್ಲ ಎಂದರು. ಅಂದಿನಿಂದ ನೇಕಾರರ ಮಗು ಬಂದರೆ ಓಬಳೇಶಪ್ಪನವರ ಕೈ ಗುಂಡಿಯ ಕುಚ್ಚಿಗೆ ಹೋಗುತ್ತಿರಲಿಲ್ಲ. "ಮಗ್ಗದ್ ಮ್ಯಾಲೆ ಏನೈತಮ್ಮ?" ಎಂದು ಮೊದಲು ಕೇಳುತ್ತಿದ್ದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ತೊಂಬತ್ತರ ದಶಕದಲ್ಲಿ, ಕಲ್ಯಾಣದುರ್ಗದಲ್ಲಿ. ಕೆಲಸ ಬಿಟ್ಟು ತಂಗಿಯ ಮನೆಯ ಮಹಡಿಯ ಕೋಣೆ ಸೇರಿದ್ದರು. ಕಾಲೇಜಿಗೆ ರಜೆಯಿದ್ದ ಪದ್ಮ ನನ್ನ ಜೊತೆ ಬಂದಿದ್ದಳು. ತಿಪ್ಪಮ್ಮ ಕೆಳಗೆ ಕುರ್ಚಿಯಲ್ಲಿ ಕೂತು ಮೆಟ್ಟಿಲಿನತ್ತ ಕೈ ತೋರಿಸಿದರು. ಪದ್ಮ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು. ನಾನು ತಲುಪುವಾಗ ಓಬಳೇಶಪ್ಪನವರು ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಅವಳ ಉಸಿರಿಗೆ ಕಿವಿಗೊಟ್ಟು ಕೂತಿದ್ದರು. ವಯಸ್ಸಾಗಿ ಅವರ ಕಣ್ಣು ಮಂಜಾಗಿತ್ತು.

"ಏದುಸ್ರೇ ಇಲ್ಲ ಕಣವ್ವ ನಿಂಗೆ. ಪೇಪರ್ನೋರ ಸದ್ದು ಮಾತ್ರ ಕೆಳಗಿಂದ್ಲೇ ಕೇಳಿಸ್ತು."

ಮೂವರೂ ನಕ್ಕೆವು. ಅವರು ಪೆಟ್ಟಿಗೆಯಿಂದ ಹಳೆಯ ದಾರಗಳ ಕಟ್ಟು ತೆಗೆದರು. ಎಲ್ಲವೂ ಗಂಟಿದ್ದ ಕಡೆ ಮುದುರಿದ್ದವು. ಒಂದು ಮಾತ್ರ ಆಗಷ್ಟೇ ಉಂಡೆಯಿಂದ ಬಿಚ್ಚಿದಂತೆ ನೇರವಾಗಿತ್ತು. ಅದನ್ನು ಬೆರಳಿನಿಂದಲೇ ಗುರುತಿಸಿ ಪದ್ಮಳ ಕೈಗಿಟ್ಟರು.

"ನಿಮ್ಮಜ್ಜೀದು. ಗಂಟಿತ್ತು ಅನ್ನೋ ಗುರ್ತೂ ಉಳಿಸಿಲ್ಲ, ಮಹಾತಾಯಿ."

ನಾವು ಕೆಳಗಿಳಿದು ಬಂದಾಗ ತಿಪ್ಪಮ್ಮ ಪದ್ಮಳ ಕೈ ಹಿಡಿದು ಕೇಳಿದರು: "ನಾನು ಒಂದೊಂದೇ ಎಣಿಸ್ಕೊಂಡು, ನಿಂತ್ ನಿಂತ್ ಹತ್ತೋಳು. ಎಷ್ಟು ಮೆಟ್ಲವೆ ಅಂತ ನೀನು ಎಣಿಸ್ದೇನವ್ವ?"

ಪದ್ಮ ಎಣಿಸಿರಲಿಲ್ಲ.