ಎಲೆಯಲ್ಲಿ ಮಡಚಿದ ಗುಳಿಗೆ

ನಮ್ಮಣ್ಣ ಉಳಿವೆಪ್ಪನನ್ನು ಸವಣೂರಿನ ಜನ ಈಗಲೂ ಬಲು ಒಳ್ಳೆಯವನೆಂದು ನೆನೆಯುತ್ತಾರೆ. ನೆನೆಯಲಿ, ಬೇಡವೆನ್ನಲು ನಾನ್ಯಾರು. ಆದರೆ ಅವನಷ್ಟು ಮೊಂಡನನ್ನು ಈ ಊರು ಕಂಡಿಲ್ಲ, ಅದನ್ನೂ ಯಾರಾದರೂ ಹೇಳಬೇಕಲ್ಲ. ಗಂಡ ಸತ್ತ ಮೇಲೆ ನಾನು ತಿಳವಳ್ಳಿಯಿಂದ ಬಂದು ಅವನ ಮನೆಯಲ್ಲೇ ಇದ್ದೆ. ಅವನ ಹೆಂಡತಿಯೂ ಬೇಗ ಹೋದಳು. ಹೀಗಾಗಿ ಅವನು, ನಮ್ಮವ್ವ ಮುದಕವ್ವ, ನಾನು, ಮೂವರೇ. ಅವನ ಗುಣ ನನಗೆ ಗೊತ್ತಿದ್ದಷ್ಟು ಮತ್ತಾರಿಗೆ ಗೊತ್ತು?

ಅವನ ಜೀವವೆಲ್ಲ ಒಂದು ಎಲೆತೋಟದಲ್ಲಿತ್ತು. ನೆಲ ಶಂಕ್ರಪ್ಪ ಸಾಹುಕಾರರದು. ಅಗಸೆ ಗಿಡ ಸಾಲಾಗಿ ಹಚ್ಚಿ, ಬುಡಕ್ಕೆ ವೀಳ್ಯದ ಬಳ್ಳಿ ನೆಟ್ಟು, ಕೂಸಿಗೆ ಎರೆದಂತೆ ನೀರೆರೆದು ಬೆಳೆಸಿದವನು ನಮ್ಮಣ್ಣ. ಪಾಲಿನ ಮಾತಿಗೆ ಕಾಗದ ಪತ್ರ ಏನೂ ಇರಲಿಲ್ಲ. “ಉಳಿವೆಪ್ಪ, ನೀ ಏಣಿ ಹತ್ತೋ ತನಕ ತೋಟ ನಿಂದು” ಎಂದು ಸಾಹುಕಾರರು ಅಂದಿದ್ದರು. ಅವನೂ ಅದನ್ನೇ ದೇವರ ಮಾತೆಂದು ನಂಬಿದ್ದ. ತೋಟದ ಬಾಯಲ್ಲಿ ಚಪ್ಪಲಿ ಬಿಟ್ಟು, ಬಿದಿರಿನ ಏಣಿಗೆ ಒಮ್ಮೆ ಕೈಮುಗಿದು ಹತ್ತಿದನೆಂದರೆ ಊಟದ ಹೊತ್ತಿಗೇ ಇಳಿಯುವುದು.

ಅರವತ್ನಾಲ್ಕನೆಯ ಇಸವಿಯಲ್ಲಿ ಬಳ್ಳಿ ಇಳಿಸುವ ಕಾಲಕ್ಕೆ ಅವನ ನಡ ಹಿಡಿಯಿತು. ಬಳ್ಳಿ ಇಳಿಸುವುದೆಂದರೆ ಸುಮ್ಮನೆಯಲ್ಲ. ತುದಿ ಮುಟ್ಟಿದ ಬಳ್ಳಿಯ ಕಟ್ಟು ಬಿಚ್ಚಿ, ಕೆಳಗೆ ತಂದು, ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚಬೇಕು. ಇಡೀ ದಿನ ಬಗ್ಗಿಯೇ ಇರಬೇಕು. ಒಂದು ದಿನ ಬಗ್ಗಿದವನು ಏಳಲೇ ಇಲ್ಲ. ಬೆನ್ನು ಕಟ್ಟಿಗೆಯಾಗಿತ್ತು. ಎಲೆ ವ್ಯಾಪಾರದ ಇಸ್ಮಾಯಿಲಸಾಬನ ಗಾಡಿಯಲ್ಲಿ ಮಲಗಿಸಿ ಶಿಗ್ಗಾಂವಿಗೆ ಕರೆದೊಯ್ದೆವು.

ಅಲ್ಲಿಯ ಡಾಕ್ಟರು ಒಳ್ಳೆಯ ಮನುಷ್ಯ. ಬೆನ್ನು ಒತ್ತಿ ನೋಡಿ, ಒಂದು ಸಣ್ಣ ಸೀಸೆಯಲ್ಲಿ ಬಿಳಿ ಗುಳಿಗೆ ಹಾಕಿ ಕೊಟ್ಟರು.

“ಛಲೋತ್ನಾಗಿ ಕೇಳು ಉಳಿವೆಪ್ಪ. ಇದು ಬಿಗಿದ ಮೈ ಸಡ್ಲ ಮಾಡೋ ಗುಳಿಗಿ. ರಾತ್ರಿ ಮಲಗೋ ಮುಂದ ಒಂದು, ಅಷ್ಟ. ನಿದ್ದಿ ತರತೈತಿ, ತಲಿ ತಿರಗಿಸತೈತಿ. ಇದನ್ನ ತಗೊಳ್ಳೋ ತನಕ ಏಣಿ ಮುಟ್ಟಬ್ಯಾಡ. ಶೆರೆ ಕುಡೀಬ್ಯಾಡ. ಮತ್ತೊಬ್ಬರಿಗೆ ಕೊಡಬ್ಯಾಡ. ಎರಡು ವಾರದಾಗ ಇದು ಮುಗೀತೈತಿ, ಆವಾಗ ನನ್ನ ಹತ್ರನ ಬಾ. ಬ್ಯಾರೆ ಅಂಗಡ್ಯಾಗ ತಗೋಬ್ಯಾಡ.”

“ಹೂಂರಿ,” ಎಂದ ನಮ್ಮಣ್ಣ. ಅವನ ಹೂಂರಿಗೆ ಅರ್ಥವೇ ಇರಲಿಲ್ಲ. ಏನು ಹೇಳಿದರೂ ಹೂಂರಿ. ಹೇಳಿದವರು ಅತ್ತ ಹೋದ ಮೇಲೆ ತನಗೆ ಬೇಕಾದ್ದನ್ನೇ ಮಾಡುತ್ತಿದ್ದ.

ಈ ಸಲ ಕೆಡಿಸಿದ್ದು ಅವನೊಬ್ಬನೇ ಅಲ್ಲ, ನಮ್ಮವ್ವನೂ ಸೇರಿದ್ದಳು. ಎಲೆತೋಟದವರ ಮನೆಯಲ್ಲಿ ಔಷಧವೆಂದರೆ ಬೆಳಗಿನ ಹಸಿದ ಹೊಟ್ಟೆಗೆ, ಎಳೆ ಎಲೆಯೊಂದರಲ್ಲಿ ಮಡಚಿ ಕೊಡುವುದು. ಕೆಮ್ಮಿಗೆ ಅಜವಾನ ಇರಲಿ, ಜ್ವರಕ್ಕೆ ಮೆಣಸು ಇರಲಿ, ಎಲೆಯಿಲ್ಲದೆ ನಮ್ಮ ಗಂಟಲಲ್ಲಿ ಔಷಧ ಇಳಿದದ್ದೇ ಇಲ್ಲ. ಅವ್ವ ಮರುದಿನ ನಸುಕಿನಲ್ಲಿ ಗುಳಿಗೆಯನ್ನು ಎಲೆಯಲ್ಲಿ ಮಡಚಿ ಅವನ ಕೈಗಿಟ್ಟಳು.

“ಡಾಕ್ಟರು ರಾತ್ರಿ ಅಂದಾರ ಬೇ ಯವ್ವ,” ಎಂದೆ.

“ಉಂಡ ಮ್ಯಾಲ ಕೊಟ್ರ ರೊಟ್ಟಿ ಜೋಡಿ ಹೊರಗ ಹೋಗಿಬಿಡತೈತಿ. ನಾ ಇಬ್ಬರು ಮಕ್ಕಳನ್ನ ಸಾಕಿದ್ದು ಹಿಂಗ. ನೀ ಸುಮ್ಕಿರು.”

ಅಣ್ಣ ಎಲೆ ಅಗಿದ. ಸ್ವಲ್ಪ ಹೊತ್ತಿಗೆ ಬೆನ್ನು ಸಡಿಲಾಯಿತು. ಎದ್ದು ನಿಂತು ಮೈ ಮುರಿದು ನಕ್ಕ. ಎಷ್ಟೋ ದಿನದ ಮೇಲೆ ಅವನ ನಗು ಕಂಡು ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಅವನು ಆ ನಗುವಿನಲ್ಲೇ ತೋಟಕ್ಕೆ ಹೋಗಿ ಏಣಿ ಹತ್ತಿದ.

ಸೀಸೆ ಬರಿದಾದಾಗ ಶಿಗ್ಗಾಂವಿಗೆ ಹೋಗಲಿಲ್ಲ. ಹೋದರೆ ಡಾಕ್ಟರು ಏಣಿಯ ಮಾತೆತ್ತುತ್ತಾರಲ್ಲ. ಇಸ್ಮಾಯಿಲಸಾಬ ಎಲೆ ಮಾರಲು ಹಾನಗಲ್ಲಿಗೂ ಹಿರೇಕೆರೂರಿಗೂ ಹೋಗುತ್ತಿದ್ದ. ಬರಿದಾದ ಸೀಸೆ ಅವನ ಕೈಯಲ್ಲಿ ಹೋಗುತ್ತಿತ್ತು, ತುಂಬಿದ ಸೀಸೆ ಬರುತ್ತಿತ್ತು. ಎಂಥವನೋ ಅಂಗಡಿಯವನು, ಚೀಟಿ ಕೇಳದೆ ಸೀಸೆ ನೋಡಿಯೇ ಕೊಡುತ್ತಿದ್ದ. ಅವನ ಮುಖ ನಾನು ಕಾಣಲಿಲ್ಲ, ಕಂಡಿದ್ದರೆ ನಾಲ್ಕು ಮಾತು ಅಂದೇ ಬರುತ್ತಿದ್ದೆ.

ಒಂದು ಗುಳಿಗೆ ಸಾಲದಾಯಿತು. ಬೆಳಿಗ್ಗೆ ಎರಡಾಯಿತು, ಮಧ್ಯಾಹ್ನವೂ ಒಂದು ಬಂತು. ಮಾತು ತೊದಲತೊಡಗಿತು. ಎಲೆ ಕಟ್ಟುತ್ತ ಕೂತಲ್ಲೇ ತೂಕಡಿಸುತ್ತಿದ್ದ. ಎಲೆ ಚಿವುಟಲು ಹೆಬ್ಬೆರಳಿಗೆ ಹಾಕುವ ಕಬ್ಬಿಣದ ಉಗುರು ಅಂಗೈ ಸೀಳಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ರಕ್ತ ನೋಡಿ ಕೂಗಿದವಳು ನಾನು. ಬೈದೆ, ಕಣ್ಣೀರಿಟ್ಟೆ, ಒಲೆ ಹಚ್ಚದೆ ಕೂತೆ. ಎಲ್ಲಕ್ಕೂ ಒಂದೇ ಉತ್ತರ.

“ಏಣಿ ಬಿಟ್ರ ತೋಟ ಹೋಗತೈತಿ ಶಾರವ್ವ.”

ಒಂದು ಮುಂಜಾನೆ ತಲೆ ತಿರುಗಿ ಏಣಿಯ ಮೇಲಿಂದ ಕಾಲು ಜಾರಿತು. ಅಗಸೆ ಟೊಂಗೆಗೆ ತೋಳು ಸಿಕ್ಕು ಜೋತಾಡಿದ. ಪಕ್ಕದ ತೋಟದವರು ಓಡಿ ಬಂದು ಇಳಿಸಿದರು. ತಾನೇ ಎಲೆಯಲ್ಲಿ ಮಡಚಿ ಕೊಟ್ಟ ಅವ್ವ ಅಂದೇ ಸೀಸೆ ಒಯ್ದು ಹಾಳುಬಾವಿಗೆ ಸುರಿದಳು, ಇನ್ನು ತರಬೇಡವೆಂದು ಇಸ್ಮಾಯಿಲಸಾಬನಿಗೂ ಹೇಳಿದಳು. ಪೀಡೆ ಹೋಯಿತೆಂದು ನಾವಿಬ್ಬರೂ ಅಂದುಕೊಂಡೆವು.

ಪೀಡೆ ಎಲ್ಲಿ ಹೋದೀತು. ಅವನಿಗೆ ನಿದ್ದೆ ಹಾರಿತು. ಕೈ ನಡುಗಿ ನೀರಿನ ತಂಬಿಗೆ ನಿಲ್ಲದಾಯಿತು. ಬೆವರುತ್ತಿದ್ದ, ಗೋಡೆಯ ಮೇಲೆ ಏನೋ ಹರಿಯುತ್ತದೆ ಅನ್ನುತ್ತಿದ್ದ. ಆಮೇಲೊಂದು ದಿನ ಪಡಸಾಲೆಯಲ್ಲಿ ಮೈ ಸೆಟೆದು ಬಿದ್ದು ಕೈಕಾಲು ಬಡಿಯತೊಡಗಿದ. ಬಾಯಲ್ಲಿ ನೊರೆ. ಓಣಿಯವರು ಬಂದು ಕೈಗೆ ಕಬ್ಬಿಣ ಕೊಡಿರೆಂದರು, ಗಾಳಿ ಎಂದರು. ನಾನು ಎಲ್ಲರನ್ನೂ ಆಚೆ ನೂಕಿ ಶಿಗ್ಗಾಂವಿಗೆ ಇಸ್ಮಾಯಿಲಸಾಬನ ಗಾಡಿ ಹೂಡಿಸಿದೆ. ದಾರಿಯುದ್ದಕ್ಕೂ ಆ ಮನುಷ್ಯ ಹಿಂದೆ ತಿರುಗಿ ನೋಡಲಿಲ್ಲ, ಅವನ ಹೆಗಲು ಮಾತ್ರ ಅಳುತ್ತಿತ್ತು.

ಡಾಕ್ಟರು ಸೂಜಿ ಚುಚ್ಚಿದರು. ಅಣ್ಣ ಕಣ್ಣು ಬಿಟ್ಟ ಮೇಲೆ ನಮ್ಮ ಕಡೆ ತಿರುಗಿದರು.

“ಗುಳಿಗಿ ಯಾರು ನಿಲ್ಲಿಸಿದ್ರು?”

“ನಾನರಿ,” ಎಂದಳು ಅವ್ವ.

“ಇಷ್ಟು ದಿನ ತಿಂದದ್ದ ತಪ್ಪು. ಒಮ್ಮಿಗ್ಲೆ ಬಿಡಿಸಿದ್ದು ಅದಕ್ಕಿಂತ ಅಪಾಯ. ಮೈಗೆ ರೂಢಿ ಆಗೇತಿ. ಸ್ವಲ್ಪ ಸ್ವಲ್ಪ ಇಳಿಸ್ಕೋತ ಬರಬೇಕು. ನಾ ಹೇಳಿದಷ್ಟ, ಹೇಳಿದ ಹೊತ್ತಿಗೆ.”

“ಬಳ್ಳಿ ಇಳಿಸಿದಂಗೇನ್ರಿ?” ಮಲಗಿದವನು ಕೇಳಿದ.

“ಅದು ಹೆಂಗೋ ನನಗ ಗೊತ್ತಿಲ್ಲಪ.”

“ಒಂದೊಂದ ಕಟ್ಟು ಬಿಚ್ಚತೇವ್ರಿ. ಜಗ್ಗಿದ್ರ ಬಳ್ಳಿ ಹರೀತೈತಿ.”

“ಹಂಗಾದ್ರ ಹಂಗ ಅನ್ಕೋ. ಆದರ ಅಲ್ಲೀತನಕ ಏಣಿ ಇಲ್ಲ.”

ಡಾಕ್ಟರು ತುಂಬಿಕೊಟ್ಟ ಸೀಸೆ ಈ ಸಲ ನನ್ನ ಕೈಗೆ ಬಂತು. ಸೊಂಟಕ್ಕೆ ಕಟ್ಟಿಕೊಂಡೆ. ಎಷ್ಟೋ ತಿಂಗಳು ನಾನೇ ಅವನ ಜೈಲು, ನಾನೇ ಜೈಲರು. ಗುಳಿಗೆಯನ್ನು ಎರಡು ಮಾಡಿ, ಆಮೇಲೆ ಆ ಹೋಳನ್ನೂ ಎರಡು ಮಾಡಿ, ರಾತ್ರಿ ಉಂಡ ಮೇಲೆ ಕೊಡುವುದು. ಎಲೆಯಿಲ್ಲ, ಬರೀ ನೀರು. ಕೇರಿಗೆ ಹೋದರೂ ಬಾವಿಗೆ ಹೋದರೂ ಸೀಸೆ ನನ್ನ ಜೊತೆ. ನಾನು ಎಲ್ಲಿ ಕೂತರೂ ಅವನ ಕಣ್ಣು ನನ್ನ ಸೊಂಟದ ಮೇಲೆ. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ, ಎದುರು ಬಂದು ಕೂತ.

“ಶಾರಿ, ಇನ್ನೊಂದು ಚೂರು ಕೊಡು.”

“ರಾತ್ರಿ.”

ಅಣ್ಣ ತಂಗಿಗೆ ಕೈಮುಗಿದ.

“ನಾ ಎಲ್ಲಿ ಸಿಕ್ಕೊಂಡೇನಿ ನೋಡಬೇ. ತಗೊಂಡ್ರ ಏಣಿ ಮ್ಯಾಲ ನಿಲ್ಲಾಕ ಆಗಂಗಿಲ್ಲ, ಬಿಟ್ರ ನೆಲದ ಮ್ಯಾಲೂ ನಿಲ್ಲಾಕ ಆಗಂಗಿಲ್ಲ.”

ಕೊಟ್ಟುಬಿಡೋಣವೆನ್ನಿಸಿತು. ಮುಖ ಒಲೆಯ ಕಡೆ ತಿರುಗಿಸಿದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು, ಅವನು ಎದ್ದು ಹೋಗುವವರೆಗೂ ನಾನು ತಿರುಗಲಿಲ್ಲ.

ತೋಟ ಕಾಯುತ್ತದೆಯೇ? ಎಲೆ ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬಲಿತು ಬಿರುಸಾಗುತ್ತದೆ. ಶಂಕ್ರಪ್ಪ ಸಾಹುಕಾರರು ಮನೆಗೇ ಬಂದರು.

“ಎಲಿ ಬಲಿಯಾಕತ್ತಾವು ಉಳಿವೆಪ್ಪ. ನಮ್ಮ ಮಾತು ಏನಿತ್ತು?”

“ಏಣಿ ಹತ್ತೋ ತನಕರಿ.”

“ಹತ್ತತೀಯೇನು?”

ಅಣ್ಣ ನನ್ನ ಸೊಂಟದ ಕಡೆ ನೋಡಿದ. ಎರಡು ಗುಳಿಗೆ ನುಂಗಿದ್ದರೆ ಆಗಲೇ ಎದ್ದು ಹತ್ತುತ್ತಿದ್ದ, ತೋಟ ಉಳಿಯುತ್ತಿತ್ತು. ಅದು ಅವನಿಗೆ ಗೊತ್ತು, ನನಗೂ ಗೊತ್ತು. ಸೀಸೆಯ ಮೇಲೆ ಕೈಯಿಟ್ಟು ನಿಂತೆ.

“ಇಲ್ಲರಿ,” ಎಂದ.

ತೋಟ ಲಕ್ಷ್ಮಪ್ಪ ಎಂಬ ಹರೆಯದವನ ಪಾಲಾಯಿತು. ಅಣ್ಣ ಸಾಹುಕಾರರನ್ನು ಕೇಳಿಕೊಂಡದ್ದು ಒಂದೇ, ಏಣಿಯ ಬುಡ ಹಿಡಿಯುವ ಕೆಲಸ. ತಾನೇ ನೆಟ್ಟ ಬಳ್ಳಿಯ ಕೆಳಗೆ ನಿಂತು, ಕತ್ತೆತ್ತಿ, ಇನ್ನೊಬ್ಬ ಎಲೆ ಕೊಯ್ಯುವುದನ್ನು ನೋಡುವ ಕೆಲಸ. ನನಗಾಗಿದ್ದರೆ ಆ ತೋಟದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅವನು ದಿನವೂ ಹೋದ. ಗುಳಿಗೆ ಕೊನೆಗೆ ನಿಂತಿತು. ನಡ ನೆಟ್ಟಗಾಗಲಿಲ್ಲ.

ಮರುವರ್ಷ ಬಳ್ಳಿ ಇಳಿಸುವ ಕಾಲ ಮತ್ತೆ ಬಂತು. ಬುತ್ತಿ ಹಿಡಿದು ತೋಟಕ್ಕೆ ಹೋದಾಗ ಲಕ್ಷ್ಮಪ್ಪ ಏಣಿಯ ಮೇಲಿದ್ದ, ಅಣ್ಣ ಬುಡದಲ್ಲಿ.

“ಉಳಿವೆಪ್ಪಣ್ಣ,” ಮೇಲಿಂದ ಲಕ್ಷ್ಮಪ್ಪ ಅಂದ, “ನಿನ್ನ ಗುಳಿಗಿ ಭಾಳ ಛಲೋ ಅದಾವಪ. ಬಳ್ಳಿ ಸುತ್ತಿ ಸುತ್ತಿ ನಡಾ ಹಿಡದಿತ್ತು. ಹಿರೇಕೆರೂರಿನ ಆ ಅಂಗಡ್ಯಾಗಿಂದ ತಂದು ಮುಂಜಾನೆ ಎಲಿಯಾಗ ಹಾಕ್ಕೊಂಡೆ. ಮೈ ಹತ್ತಿ ಆದಂಗ ಆಗೇತಿ.” ಅವನ ನಾಲಿಗೆ ಆಗಲೇ ದಪ್ಪವಾಗಿತ್ತು.

“ಇಳಿ,” ಎಂದ ಅಣ್ಣ.

“ಈ ಗಿಡದ್ದು ಮುಗೀಲಿ.”

“ಮೊದಲ ಕೆಳಗ ಇಳಿ.”

ಅಣ್ಣ ಹಾಗೆ ಗದರಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಲಕ್ಷ್ಮಪ್ಪ ಇಳಿದ. ಕೊನೆಯ ಮೆಟ್ಟಿಲು ಕಾಲಿಗೆ ಸಿಗದೆ ಮುಗ್ಗರಿಸಿದವನನ್ನು ಅಣ್ಣ ತಬ್ಬಿ ಹಿಡಿದು ಗಿಡಕ್ಕೆ ಒರಗಿಸಿ ಕೂಡಿಸಿದ. ಆಮೇಲೆ ಏಣಿಯನ್ನು ನೆಲದ ಮೇಲೆ ಮಲಗಿಸಿ ಅದರ ಮೇಲೆ ತಾನೇ ಕೂತ.

ಸಾಹುಕಾರರು ಬಂದರು. ಏಣಿ ಎತ್ತೆಂದರು.

“ಎತ್ತಂಗಿಲ್ಲರಿ. ಈ ಹುಡುಗ ಶಿಗ್ಗಾಂವಿಗೆ ಹೋಗಿ ಡಾಕ್ಟರನ್ನ ಕಂಡು ಬರಲಿ. ಒಮ್ಮಿಗ್ಲೆ ಬಿಡಬೇಕೋ, ಇಳಿಸ್ಕೋತ ಬರಬೇಕೋ, ಅವರ ಹೇಳಲಿ. ಅಲ್ಲೀತನಕ ಏಣಿ ಎತ್ತಂಗಿಲ್ಲ.”

“ಹಂಗಾದ್ರ ನಾಳೆಯಿಂದ ನೀನೂ ಈ ತೋಟದಾಗ ಕಾಲಿಡಬ್ಯಾಡ.”

ಅಣ್ಣ ಒಮ್ಮೆ ಬಳ್ಳಿಗಳನ್ನು ನೋಡಿದ. ಏಣಿಯ ಮೇಲಿಂದ ಮಾತ್ರ ಏಳಲಿಲ್ಲ.

“ಹೂಂರಿ,” ಎಂದ.

ಸಾಹುಕಾರರು ಇನ್ನೂ ಏನೋ ಕೂಗುತ್ತಿದ್ದರು. ನಾನು ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಅವನ ಕೈಗಿಟ್ಟು, ಏಣಿಯ ಇನ್ನೊಂದು ತುದಿಯಲ್ಲಿ ಕೂತೆ.